ಕಾಸಿಯಾನನ ಬಾಗಿಲು

ಟಿರೋಲ್ ಬೆಟ್ಟಸೀಮೆಯ ಫಿಂಕೆನೌ ಊರಿನಲ್ಲಿ ಸ್ಕೀ ಕಟ್ಟಿಕೊಂಡು ನಿಲ್ಲಲು ಬಾರದವರು ಇಬ್ಬರೇ, ಒಬ್ಬರು ಪಾದ್ರಿ, ಇನ್ನೊಂದು ಪಾದ್ರಿಯ ಬೆಕ್ಕು ಎಂದು ಬಡಗಿ ವಿಗಿಲ್ ಹೇಳುತ್ತಿದ್ದ. ಅಂಥ ಊರಿನಲ್ಲಿ ಸ್ಕೀಯಿಂದ ಹೆಸರು ಮಾಡುವುದು ಹುಡುಗಾಟದ ಮಾತಲ್ಲ. ಮೇಲಿನಮನೆಯ ಕಾಸಿಯಾನ್ ಹೆಸರು ಮಾಡಿದ್ದು ಸ್ಕೀ ಓಡಿಸಿ ಅಲ್ಲ, ಸುಮ್ಮನೆ ನಿಂತು. ಹುಡುಗನಾಗಿದ್ದಾಗ ಪಂದ್ಯಗಳಿಗೆ ಹೋಗಿದ್ದ, ಹೋದ ಹಾಗೇ ಬಂದಿದ್ದ. ಆಮೇಲೆ ಅವನು ಬಾಗಿಲು ಕಾಯುವವನಾದ. ಮನೆಯ ಬಾಗಿಲಲ್ಲ, ಹಿಮದ ಇಳಿಜಾರಿನಲ್ಲಿ ಎರಡು ಕೋಲು ನೆಟ್ಟು ಮಾಡುವ ಬಾಗಿಲು.

ಅವನ ಕಸುಬು ಲಾರ್ಚ್ ಮರದ ದಿಮ್ಮಿ ಸೀಳಿ ಮಾಡಿಗೆ ಹೊದಿಸುವ ಹಲಗೆ ಮಾಡುವುದು. ಮಾತು ಕಡಿಮೆ. ಆಡಿದರೆ ಕಡ್ಡಿ ಮುರಿದ ಹಾಗೆ. ಮದುವೆಮನೆಯಲ್ಲಿ ಕೇಕು ಹೇಗಿದೆ ಎಂದು ಕೇಳಿದರೆ "ಒಣಗಿದೆ" ಎನ್ನುವ ಜಾತಿ. ಇಂಥವನನ್ನು ಊಟಕ್ಕೆ ಕರೆಯುವವರು ಯೋಚನೆ ಮಾಡಿ ಕರೆಯುತ್ತಿದ್ದರು. ಆದರೆ ಸ್ಲಾಲಂ, ಅಂದರೆ ಅಂಥ ಬಾಗಿಲುಗಳನ್ನು ಒಂದೊಂದಾಗಿ ಹಾಯ್ದು ಇಳಿಯುವ ಪಂದ್ಯಕ್ಕೆ ಬಾಗಿಲ ತೀರ್ಪುಗಾರರು ಬೇಕಾದಾಗ ಊರಿನ ಸ್ಕೀ ಸಂಘದವರು ಮೊದಲು ಹೋಗುತ್ತಿದ್ದುದು ಮೇಲಿನಮನೆಗೇ.

ಅವನ ಅಪ್ಪನ ಕಾಲದಲ್ಲಿ ಹೇಜಲ್ ಗಿಡದ ಕೋಲು ಕಡಿದು ನೆಡುತ್ತಿದ್ದರು, ತುದಿಗೆ ಅಜ್ಜಿಯರ ಹಳೇ ಲಂಗದ ಚಿಂದಿಯೇ ಬಾವುಟ. ಮೇಲೆ ಒಬ್ಬ ಕರವಸ್ತ್ರ ಬೀಸಿದರೆ ಕೆಳಗೆ ಇನ್ನೊಬ್ಬ ಗಡಿಯಾರ ಒತ್ತಬೇಕು, ಒತ್ತುವಾಗ ಸೀನು ಬಂದರೆ ಯಾರದೋ ಹಣೆಬರಹ ತಿರುಗಿತು. ಆಮೇಲೆ ಬಿದಿರು ಬಂತು. ಬಿದಿರಿಗೆ ತಗುಲಿದರೆ ಪೆಟ್ಟು ಬೀಳುತ್ತದೆ, ಹಾಗಾಗಿ ಓಟಗಾರರು ಮೈಯನ್ನೂ ಕೋಲಿನ ಹೊರಗೇ ಇಟ್ಟುಕೊಂಡು ಸುತ್ತಿ ಬರುತ್ತಿದ್ದರು. ಈಗಿನದು ಬುಡದಲ್ಲಿ ಸ್ಪ್ರಿಂಗು ಇರುವ, ಹೊಡೆದರೆ ಮಲಗಿ ಮತ್ತೆ ಏಳುವ ಪ್ಲಾಸ್ಟಿಕ್ ಕೋಲು. ಓಟಗಾರರು ಮೊಣಕಾಲಿನಿಂದ, ಮುಷ್ಟಿಯಿಂದ ಅದನ್ನು ಬಡಿದುಕೊಂಡೇ ಇಳಿಯುತ್ತಾರೆ. ಮೈ ಕೋಲಿನ ಮೇಲೆ ಬಾಗಿರುತ್ತದೆ, ಕಾಲು ಮಾತ್ರ ಕೋಲನ್ನು ಸುತ್ತಿ ಹಾಯುತ್ತದೆ. ಕಾಲವನ್ನು ಬೆಳಕಿನ ಕಿರಣ ಅಳೆಯುತ್ತದೆ, ಕ್ಷಣವನ್ನು ನೂರು ಚೂರು ಮಾಡಿ. ಎಲ್ಲ ಬದಲಾದರೂ ಒಂದು ನಿಯಮ ಬದಲಾಗಲಿಲ್ಲ. ಎರಡು ಸ್ಕೀಯ ಮೂತಿ, ಎರಡು ಪಾದ, ನಾಲ್ಕೂ ಬಾಗಿಲೊಳಗೆ ಹಾಯಬೇಕು. ಒಂದು ಮೂತಿ ಕೋಲಿನ ಆಚೆ ಹೋಗಿ ಕೋಲು ಕಾಲುಗಳ ನಡುವೆ ನುಸುಳಿತೋ, ಎಷ್ಟೇ ಚೆನ್ನಾಗಿ ಓಡಿರಲಿ, ಓಟವೇ ಇಲ್ಲ.

ಅದನ್ನು ನೋಡುವುದೇ ಕಾಸಿಯಾನನ ಕೆಲಸ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಲ್ಲಬೇಕು. ಹೊಸಬರು ಓಟಗಾರರ ಮುಖ ನೋಡುತ್ತಾರೆ, ಮೈಯ ಬಾಗು ನೋಡಿ ಮರುಳಾಗುತ್ತಾರೆ. ಕಾಸಿಯಾನ್ ಪಾದ ಬಿಟ್ಟು ಬೇರೆ ನೋಡುತ್ತಿರಲಿಲ್ಲ. ಅವನಿಗೆ ಅನುಮಾನ ಬಂದರೆ ಅದರ ಲಾಭ ಓಟಗಾರರಿಗೆ. ಓಟಗಾರರಿಗೇ ಅನುಮಾನ ಬಂದು, ಅರೆಗಳಿಗೆ ನಿಂತು ತಿರುಗಿ ಕೇಳಿದರೆ, ತೀರ್ಪುಗಾರ ಎರಡೇ ಮಾತಿನಲ್ಲಿ ಒಂದು ಕೂಗಿ ಹೇಳಬೇಕು. ಸರಿಯಾಗಿ ಹಾದಿದ್ದರೆ "ಮುಂದೆ!" ತಪ್ಪಿದ್ದರೆ "ಹಿಂದೆ!" ಹಿಂದೆ ಎಂದರೆ ಮೇಲಕ್ಕೆ ಹತ್ತಿ ತಪ್ಪಿದ ಬಾಗಿಲನ್ನು ಮತ್ತೆ ಹಾಯಬೇಕು. ಅಷ್ಟಾದ ಮೇಲೂ ಹೋಗುವುದೋ ಹತ್ತುವುದೋ ಓಟಗಾರರ ಜವಾಬ್ದಾರಿ, ತೀರ್ಪುಗಾರನನ್ನು ದೂರುವ ಹಾಗಿಲ್ಲ. "ಮಾತು ನನ್ನದು, ಕಾಲು ನಿನ್ನದು" ಎಂದು ಕಾಸಿಯಾನ್ ಅದನ್ನು ಹೇಳುತ್ತಿದ್ದ. ಆ ಎರಡು ಮಾತು ಬಿಟ್ಟರೆ ಬಾಗಿಲ ಬಳಿ ನಿಂತವನ ಬಾಯಿಗೆ ಬೀಗ. ಎಚ್ಚರಿಸುವ ಹಾಗಿಲ್ಲ, ಹುರಿದುಂಬಿಸುವ ಹಾಗಿಲ್ಲ, ಭೇಷ್ ಎನ್ನುವ ಹಾಗಿಲ್ಲ.

ಆಸ್ತಿ ಅಂತ ಅವನಿಗೆ ಹೆಚ್ಚೇನೂ ಇರಲಿಲ್ಲ. ಇದ್ದದ್ದು ಆ ಎರಡು ಮಾತು. ಮೂರು ಕಣಿವೆಯ ಮಕ್ಕಳು ಅದನ್ನು ನಂಬಿ ಕಾಲು ತಿರುಗಿಸುತ್ತಿದ್ದರು. ಊರಿನಲ್ಲಿ ಒಂದೇ ಒಂದು ಮನೆ ನಂಬುತ್ತಿರಲಿಲ್ಲ, ಅದು ಕೆಳಗಿನಮನೆ.

ಮೇಲಿನಮನೆಗೂ ಕೆಳಗಿನಮನೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಒಂದು ಒರತೆಯ ನೀರು ಯಾರ ತೊಟ್ಟಿಗೆ ಮೊದಲು ಬೀಳಬೇಕೆಂದು ಅಜ್ಜಂದಿರು ಆಡಿದ ಜಗಳ ಅದು. ಒರತೆ ಬತ್ತಿ ಹೋಯಿತು, ಜಗಳ ಬತ್ತಲಿಲ್ಲ. ಅಂಥ ಕೆಳಗಿನಮನೆಯಲ್ಲಿ ಹುಟ್ಟಿದವಳು ಫಿಲೋಮೆನಾ. ಅವಳ ಹಾಗೆ ಸ್ಲಾಲಂ ಓಡುವ ಹುಡುಗಿ ಆ ಕಣಿವೆಯಲ್ಲಿ ಹಿಂದೆ ಇರಲಿಲ್ಲ. ಬಿದಿರ ಕೋಲಿನ ಕಾಲ ಅದು. ಟಿರೋಲ್ ತಂಡಕ್ಕೆ ಹುಡುಗಿಯರನ್ನು ಆರಿಸುವ ಪಂದ್ಯ ಫಿಂಕೆನೌನಲ್ಲೇ ನಡೆಯಿತು. ಎದೆಯ ಮೇಲೆ ಏಳನೇ ನಂಬರಿನ ಬಟ್ಟೆ ಕಟ್ಟಿಕೊಂಡ ಫಿಲೋಮೆನಾ ಎರಡು ಇಳಿತದ ಕಾಲ ಸೇರಿಸಿ ಎಲ್ಲರಿಗಿಂತ ಮುಂದಿದ್ದಳು. ಊರು ಅವಳನ್ನು ಹೆಗಲ ಮೇಲೆ ಹೊತ್ತಿತು. ಇಳಿಸುವಷ್ಟರಲ್ಲಿ ಮೇಲಿಂದ ಸುದ್ದಿ ಬಂತು, ಎರಡನೇ ಇಳಿತದಲ್ಲಿ ಕಾಸಿಯಾನನ ಬಾಗಿಲಲ್ಲಿ ಅವಳ ಕಾಲುಗಳ ನಡುವೆ ಕೋಲು ನುಸುಳಿದೆ, ಓಟ ಇಲ್ಲ ಎಂದು. ಅವಳ ಅಪ್ಪ ತಕರಾರು ಹಾಕಿದ. ಪಂದ್ಯದ ಹಿರಿಯರು ಕಾಸಿಯಾನನನ್ನು ಕರೆದು ಕೇಳಿದರು. "ನುಸುಳಿತು" ಎಂದ ಅವನು. ಇನ್ನೊಂದು ಮಾತು ಸೇರಿಸಲಿಲ್ಲ.

"ಒರತೆ ಸೇಡು ತೀರಿಸ್ಕೊಂಡ ನೋಡಿ!" ಎಂದು ಫಿಲೋಮೆನಾ ಊರೆಲ್ಲ ಕೇಳುವ ಹಾಗೆ ಕೂಗಿದಳು. ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು. ತಂಡ ಸೇರಲಿಲ್ಲ, ಆ ಸಿಟ್ಟಿನಲ್ಲೇ ಪಂದ್ಯ ಬಿಟ್ಟಳು, ಮದುವೆಯಾದಳು, ಇಳಿಜಾರಿನ ಬುಡದಲ್ಲಿದ್ದ ಖಾನಾವಳಿ ನಡೆಸಲು ಕೂತಳು. ಏಳನೇ ನಂಬರಿನ ಬಟ್ಟೆಗೆ ಗಾಜು ಹಾಕಿಸಿ ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದಳು. ಬಂದ ಪ್ರವಾಸಿಗಳು ಅದೇನೆಂದು ಕೇಳದೆ ಇರುತ್ತಿರಲಿಲ್ಲ, ಅವಳು ಹೇಳದೆ ಬಿಡುತ್ತಿರಲಿಲ್ಲ. "ನನ್ನಿಂದ ಕದ್ದ ಗೆಲುವು ಕಣ್ರೀ ಅದು. ಕದ್ದೋನು ಇದೇ ಊರಲ್ಲಿ ತಲೆ ಎತ್ಕೊಂಡು ಓಡಾಡ್ತಾನೆ."

ಊರಿನ ಪದ್ಧತಿ ಏನೆಂದರೆ, ಪಂದ್ಯದ ದಿನ ತೀರ್ಪುಗಾರರಿಗೆಲ್ಲ ಆ ಖಾನಾವಳಿಯಲ್ಲೇ ಉಂಡೆ ಸೂಪು. ಬ್ರೆಡ್ಡು, ಹೊಗೆಯಲ್ಲಿಟ್ಟ ಹಂದಿಮಾಂಸ ಕಲೆಸಿ ಮುಷ್ಟಿ ಗಾತ್ರದಲ್ಲಿ ಕಟ್ಟಿದ ಉಂಡೆ, ಒಬ್ಬೊಬ್ಬರ ಬಟ್ಟಲಿಗೆ ಎರಡೆರಡು. ಕಾಸಿಯಾನನ ಬಟ್ಟಲಿಗೆ ಒಂದು. ಅದೂ ಕೊನೆಗೆ, ಠಣ್ ಎಂದು ಮೇಜಿಗೆ ಕುಕ್ಕಿ. ಚಳಿಗಾಲದ ಮೇಲೆ ಚಳಿಗಾಲ ಕಳೆದರೂ ಆ ಒಂದು ಎರಡಾಗಲಿಲ್ಲ. ಕಾಸಿಯಾನ್ ಅದನ್ನೇ ತಿಂದು ಎದ್ದು ಹೋಗುತ್ತಿದ್ದ. ವಿಗಿಲ್ ಮಾತ್ರ ಪ್ರತಿ ವರ್ಷ ಚುಡಾಯಿಸುತ್ತಿದ್ದ.

"ನಂದರಲ್ಲಿ ಅರ್ಧ ಕೊಡ್ಲೇನೋ, ಪಾಪದೋನೇ?"

"ಬೇಡ. ಉಂಡೆ ಚೆನ್ನಾಗಿದೆ. ಒಂದಾದ್ರೂ ಚೆನ್ನಾಗಿದೆ."

ಅವಳ ಅಡುಗೆಯ ವಿಷಯದಲ್ಲೂ ಆ ಮನುಷ್ಯ ಸುಳ್ಳು ಹೇಳಲಿಲ್ಲ. ಅದೇ ಮೇಜಿನಲ್ಲಿ ಉಣ್ಣುತ್ತಿದ್ದ ನನಗೆ ಅವನ ಮೇಲೆ ಮರ್ಯಾದೆ ಬಂದದ್ದು ಆ ಮಾತು ಕೇಳಿದ ದಿನ.

ಫಿಲೋಮೆನಾಳ ಮಗಳು ನೋಟ್‌ಬುರ್ಗಾ, ಎಲ್ಲರ ಬಾಯಲ್ಲಿ ಬುರ್ಗಿ. ತಾಯಿಯ ಕಾಲು, ತಾಯಿಯ ಮೂಗಿನ ತುದಿಯ ಕೋಪ. ಅವಳಿಗೆ ಹದಿನೇಳಾದ ವರ್ಷ ತಂಡಕ್ಕೆ ಆರಿಸುವ ಪಂದ್ಯ ಮತ್ತೆ ಫಿಂಕೆನೌಗೆ ಬಂತು. ಮೊದಲ ಮೂವರಿಗೆ ಜಾಗ. ಕಾಸಿಯಾನನಿಗೆ ಆಗಲೇ ಮಂಡಿ ನೋವು. ಇದೇ ನನ್ನ ಕೊನೆಯ ಚಳಿಗಾಲ ಎಂದು ಸಂಘಕ್ಕೆ ಹೇಳಿದ್ದ. ಕೊನೆಯ ಸಲಕ್ಕೂ ಅವನಿಗೆ ಸಿಕ್ಕಿದ್ದು ಹಳೆಯ ಜಾಗವೇ, ಇಳಿಜಾರು ದಿಢೀರನೆ ಕಡಿದಾಗುವ ಅಂಚಿನಲ್ಲಿ ಒತ್ತೊತ್ತಾಗಿ ನೆಟ್ಟ ಬಾಗಿಲುಗಳು.

ಬೆಳಿಗ್ಗೆ ಲಿಫ್ಟಿನ ಬಳಿ ಫಿಲೋಮೆನಾ ಮಗಳ ಸ್ಕೀ ಒರೆಸಿಕೊಡುತ್ತ, ಕಾಸಿಯಾನನ ಕಿವಿಗೂ ಬೀಳಲಿ ಎಂದೇ ಹೇಳಿದಳು. "ಆ ಅಂಚಿನಲ್ಲಿ ಹುಷಾರು ಕಣೇ. ಅಲ್ಲಿ ನಿಂತಿರೋನು ಏನು ಹೇಳಿದ್ರೂ ಅದನ್ನ ಉಲ್ಟಾ ತಿಳ್ಕೊ. ನಮ್ಮನೆಯೋರಿಗೆ ಅವನು ಒಳ್ಳೇದು ಬಯಸೋನಲ್ಲ."

"ಗೊತ್ತಮ್ಮ, ಹುಟ್ಟಿದಾಗಿಂದ ಕೇಳಿದೀನಿ" ಎಂದಳು ಬುರ್ಗಿ.

ಕಾಸಿಯಾನ್ ಕೇಳಿಸಿಕೊಂಡ. ಕೇಳಿಸದವನ ಹಾಗೆ ಲಿಫ್ಟ್ ಹತ್ತಿದ.

ಮೊದಲ ಇಳಿತದಲ್ಲಿ ಬುರ್ಗಿ ಬೇಗನೇ ಹೊರಟಳು, ದಾರಿ ಇನ್ನೂ ಗಟ್ಟಿಯಾಗಿತ್ತು. ಮೇಲಿನ ಬಾಗಿಲುಗಳಲ್ಲಿ ಕೋಲುಗಳು ಪಟಪಟ ಬಡಿಯುವ ಸದ್ದು ಕಾಸಿಯಾನನಿಗೆ ಕೇಳಿಸಿತು. ತಡವರಿಕೆ ಇಲ್ಲದ ಸದ್ದು. ಅಂಚು ದಾಟಿ ಬಂದಳು. ಒತ್ತು ಬಾಗಿಲಿನಲ್ಲಿ ತೀರಾ ಹತ್ತಿರ ಹೋದಳು, ಕೋಲು ಬೂಟಿಗೆ ಕರಕ್ ಎಂದು ಉಜ್ಜಿತು. ಕಾಸಿಯಾನ್ ಕಂಡ: ಎರಡು ಮೂತಿ, ಎರಡು ಪಾದ, ನಾಲ್ಕೂ ಒಳಗೆ. ಕೋಲು ಉಜ್ಜಿದ್ದು ಬೂಟಿನ ಹೊರಮೈಯನ್ನು. ಆದರೆ ಬುರ್ಗಿಗೆ ಆ ಸದ್ದು ಅನುಮಾನ ತಂದಿತು. ಸ್ಕೀ ಅಡ್ಡ ತಿರುಗಿಸಿ ನಿಂತಳು.

"ಏನು?" ಎಂದು ಕಿರುಚಿದಳು.

"ಮುಂದೆ!" ಕಾಸಿಯಾನ್ ಕೊರಳು ಹರಿಯುವ ಹಾಗೆ ಕೂಗಿದ.

ಅವಳು ಅವನ ಮುಖ ನೋಡಿದಳು. ಯಾರೆಂದು ಗುರುತು ಸಿಕ್ಕಿತು. ಕಾಸಿಯಾನ್ ಅಪರೂಪಕ್ಕೆ ಓಟಗಾರಳೊಬ್ಬಳ ಕಣ್ಣು ನೋಡಿದ, ಅದು ಫಿಲೋಮೆನಾಳದೇ ಕಣ್ಣು.

"ಮುಂದೆ! ಮುಂದೆ!"

ಬುರ್ಗಿ ಹಿಂದಕ್ಕೆ ತಿರುಗಿದಳು. ಅಡ್ಡಡ್ಡ ಹೆಜ್ಜೆ ಹಾಕಿಕೊಂಡು, ಏದುಸಿರು ಬಿಡುತ್ತ, ಆಗಲೇ ಸರಿಯಾಗಿ ಹಾದು ಬಂದಿದ್ದ ಬಾಗಿಲಿಗೆ ಮತ್ತೆ ಹತ್ತಿದಳು. ಪಂದ್ಯ ಗೆಲ್ಲುವವಳು ಕಣ್ಣೆದುರೇ ಅದನ್ನು ಕೈಯಾರೆ ಚೆಲ್ಲುತ್ತಿದ್ದಾಳೆ, ಹೋಗಿ ತಡೆಯುವ ಹಾಗಿಲ್ಲ, ಇನ್ನೊಂದು ಮಾತು ಹೇಳುವ ಹಾಗಿಲ್ಲ. ಇಷ್ಟು ಚಳಿಗಾಲದಲ್ಲಿ ಅವನ "ಹಿಂದೆ"ಯನ್ನು ಬೈದವರು ಎಷ್ಟೋ ಜನ. "ಮುಂದೆ" ಎಂದದ್ದನ್ನು ನಂಬದವರು ಇವಳೊಬ್ಬಳೇ. ಮಾಡದ ಮೋಸಕ್ಕೆ ಮುಖದ ಮೇಲೆ ಹೊಡೆಸಿಕೊಂಡ ಹಾಗೆ ಅವನು ನಿಂತಿದ್ದ. ಮುಂದಿನ ಹುಡುಗಿ ಬರುವ ಹೊತ್ತಿಗೆ ಕಣ್ಣೊರೆಸಿಕೊಂಡು ಮತ್ತೆ ಪಾದ ನೋಡತೊಡಗಿದ.

ಎರಡು ಇಳಿತಗಳ ನಡುವೆ ಎಲ್ಲರೂ ಖಾನಾವಳಿಗೆ ಬಂದರು. ಸೂಪು ಬಂತು. ಕಾಸಿಯಾನನಿಗೆ ಒಂದು ಉಂಡೆ, ಠಣ್. ಆಗಲೇ ಬುರ್ಗಿ ಬಾಗಿಲು ನೂಕಿಕೊಂಡು ಬಂದಳು, ಕೆನ್ನೆಯೆಲ್ಲ ಕಣ್ಣೀರು.

"ಏನು ಮಾಡ್ದ ಅವನು?" ಫಿಲೋಮೆನಾ ಸೌಟು ಹಿಡಿದೇ ಈಚೆ ಬಂದಳು. "ಹಿಂದೆ ಅಂದ್ನಾ? ನಂಗೆ ಗೊತ್ತಿತ್ತು, ನಂಗೆ ಗೊತ್ತಿತ್ತು..."

"ಮುಂದೆ ಅಂದ್ರು."

"ಏನು?"

"ಮುಂದೆ ಅಂದ್ರು ಅಮ್ಮ! ಮೂರು ಸಲ ಕೂಗಿದ್ರು. ನಾನೇ ನಂಬ್ಲಿಲ್ಲ, ಹತ್ತಿ ಹೋದೆ."

"ಸರಿಯಾಗೇ ಹಾದಿದ್ಲು ಕಣಮ್ಮ" ಎಂದ ವಿಗಿಲ್, ಚಮಚ ಕೆಳಗಿಟ್ಟು. ಅವನು ಕೆಳಗಿನ ಬಾಗಿಲ ತೀರ್ಪುಗಾರ. "ನಾನೂ ನೋಡ್ದೆ. ಅವಳ ತರಬೇತಿಯೋನೂ ಬೇಲಿ ಹತ್ರ ನಿಂತು ಬಾಯಿ ಬಾಯಿ ಬಡ್ಕೊಂಡ, ಹೋಗೇ ಹೋಗೇ ಅಂತ."

ಖಾನಾವಳಿ ತುಂಬ ಜನ. ಬುರ್ಗಿ ಗೋಡೆಯ ಮೇಲಿನ ಗಾಜು ನೋಡಿದಳು, ತಾಯಿಯನ್ನು ನೋಡಿದಳು.

"ಅಮ್ಮ, ಅವತ್ತು ಅವರು ನಿಜವಾಗ್ಲೂ ಸುಳ್ಳು ಹೇಳಿದ್ರಾ?"

ಫಿಲೋಮೆನಾ ಇಷ್ಟು ವರ್ಷ ಆ ಕಥೆಯನ್ನು ಉಂಡು ಉಟ್ಟು ಬದುಕಿದವಳು. ಹೌದು ಎಂದಿದ್ದರೆ ಯಾರೂ ಎದುರಾಡುತ್ತಿರಲಿಲ್ಲ. ಆದರೆ ಮಗಳು ಇನ್ನೊಂದು ಸಲ ಅದೇ ಬಾಗಿಲಿಗೆ ಇಳಿಯಬೇಕಿತ್ತು, ಅಲ್ಲಿ ಅದೇ ಮನುಷ್ಯ ನಿಂತಿರುತ್ತಾನೆ. ಅವಳು ಸೌಟನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು.

"ಇಲ್ಲ" ಎಂದಳು. "ಕೋಲು ನನ್ನ ಕಾಲು ಮಧ್ಯಾನೇ ಹೋಯ್ತು. ಬಿದಿರು ಮಂಡಿ ಒಳಗಡೆ ಬಡೀತು. ರಾತ್ರಿ ಸ್ಟಾಕಿಂಗ್ಸ್ ತೆಗ್ದಾಗ ನೀಲಿ ಬರೆ ಇತ್ತು. ನಂಗೆ ಆವಾಗ್ಲೇ ಗೊತ್ತಿತ್ತು. ಯಾರಿಗೂ ತೋರಿಸ್ಲಿಲ್ಲ."

ಇಷ್ಟು ಹೇಳಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಆದರೆ ತಾನು ಮಾಡಿದ್ದನ್ನು ಮಗಳು ಉಣ್ಣುವುದು ನೋಡುವ ಸಂಕಟ ಯಾರ ಶತ್ರುವಿಗೂ ಬೇಡ.

ಕಾಸಿಯಾನ್ ಎದ್ದು ಟೋಪಿ ಹಾಕಿಕೊಂಡ. ಉಂಡೆಯನ್ನು ಮುಟ್ಟಿರಲಿಲ್ಲ. ಹೊರಗೆ ಬಂದ ಮೇಲೆ ವಿಗಿಲ್ ಬೆನ್ನಿಗೆ ಗುದ್ದಿದ.

"ಕೊನೆಗೂ ಗೆದ್ದೆಯಲ್ಲೋ ಮಾರಾಯ!"

"ಯಾರು ಗೆದ್ದಿದ್ದು? ಆ ಹುಡುಗಿ ಕಳ್ಕೊಂಡ್ಲು" ಎಂದ ಕಾಸಿಯಾನ್. "ನಡಿ, ಕೋಲು ಹೊಸದಾಗಿ ನೆಟ್ಟಿರ್ತಾರೆ, ನೋಡ್ಕೊಳ್ಳೋಣ."

ಎರಡನೇ ಇಳಿತಕ್ಕೆ ಬಾಗಿಲುಗಳನ್ನು ಬೇರೆ ರೀತಿ ನೆಡುತ್ತಾರೆ, ಹೊರಡುವ ಸರದಿಯೂ ಬದಲು. ಮೊದಲ ಇಳಿತದಲ್ಲಿ ಮುಂದಿದ್ದ ಹದಿನೈದು ಜನ, ಹದಿನೈದನೆಯವಳಿಂದ ಶುರುವಾಗಿ ತಿರುಗುಮುರುಗಾಗಿ, ಮೊದಲು, ಉಳಿದವರು ಅವರ ಹಿಂದೆ. ಅಷ್ಟು ಹೊತ್ತು ಕಳೆದುಕೊಂಡ ಬುರ್ಗಿ ಉಳಿದವರ ಪಾಲಿಗೆ ಬಿದ್ದಿದ್ದಳು. ಅವಳ ಸರದಿ ಬರುವ ಹೊತ್ತಿಗೆ ಪ್ರತಿ ಬಾಗಿಲ ಬಳಿಯೂ ಗಾಡಿ ಜಾಡಿನಂಥ ಹಳ್ಳ ಬಿದ್ದಿತ್ತು. ಅಂಥ ದಾರಿಯಲ್ಲಿ ಇಳಿಯುವುದು ತಾರಸಿಯಿಂದ ಮೆಟ್ಟಿಲ ಮೇಲೆ ಉರುಳಿದ ಹಾಗೆ.

ಕೋಲುಗಳ ಸದ್ದು ಕೇಳಿಸಿತು. ಬೆಳಗಿನದಕ್ಕಿಂತ ಚುರುಕು. ಕಾಸಿಯಾನ್ ಬಗ್ಗಿ ನಿಂತ. ಅವಳು ನಿಂತರೆ, ಮತ್ತೆ ನಂಬದೆ ಹೋದರೆ, ಕೊನೆಯ ಚಳಿಗಾಲಕ್ಕೆ ಅವನಿಗೆ ಉಳಿಯುವುದು ಅದೊಂದೇ ನೆನಪು. ಬುರ್ಗಿ ಅಂಚು ದಾಟಿದಳು, ಹಳ್ಳಕ್ಕೆ ಒಂದು ಸ್ಕೀ ಜಗ್ಗಿತು, ಮೈ ಅರ್ಧ ಮಲಗಿತು, ಕೋಲು ಕಾಲಿಗೆ ಬಡಿದು ಹಿಮ ಎರಚಿತು. ಪಾದಗಳು? ಕಂಡವು. ನಾಲ್ಕೂ ಒಳಗೆ.

"ಏನು?" ಅವಳು ತಿರುಗಲೂ ಇಲ್ಲ, ಗಾಳಿಗೆ ಕೂಗಿದಳು.

"ಮುಂದೆ!"

ಮಾತು ಮುಗಿಯುವ ಮೊದಲೇ ಸ್ಕೀಗಳು ಕೆಳಮುಖವಾಗಿದ್ದವು. ನಿಲ್ಲಲಿಲ್ಲ, ನೋಡಲಿಲ್ಲ, ಬರೀ ಮಾತಿನ ಮೇಲೆ ಕಾಲಿಟ್ಟು ಹೋದಳು. ಕಾಸಿಯಾನನಿಗೆ ಕೂಗಬೇಕೆನಿಸಿತು, ಕುಣಿಯಬೇಕೆನಿಸಿತು. ನಿಯಮ ನೆನಪಾಗಿ ಎರಡೂ ಕೈ ಕೋಟಿನ ಜೇಬಿಗೆ ತುರುಕಿಕೊಂಡ.

ಆ ಹಳ್ಳ ಬಿದ್ದ ದಾರಿಯಲ್ಲೂ ಎರಡನೇ ಇಳಿತದಲ್ಲಿ ಎಲ್ಲರಿಗಿಂತ ಬೇಗ ಇಳಿದವಳು ಬುರ್ಗಿ. ಮುಂದಿದ್ದವರಲ್ಲಿ ಹಲವರು ಬಿದ್ದು ಹೊರಗುಳಿದಿದ್ದರು, ಎರಡೂ ಸೇರಿಸಿದಾಗ ಅವಳು ನಾಲ್ಕನೆಯವಳಾದಳು. ತಂಡಕ್ಕೆ ಮೂವರೇ. ಆ ವರ್ಷ ಅವಳಿಗೆ ಜಾಗ ಸಿಗಲಿಲ್ಲ. ಬೆಳಿಗ್ಗೆ ಹತ್ತಿದ ಆ ನಾಲ್ಕು ಹೆಜ್ಜೆಯನ್ನು ಯಾರೂ ವಾಪಸು ಕೊಡಲಾರರು.

ಕೋಲು ಕಿತ್ತು, ಕಟ್ಟಿ, ಸಂಜೆ ತೀರ್ಪುಗಾರರು ಖಾನಾವಳಿಗೆ ಬಂದರು. ಮಧ್ಯಾಹ್ನದ ಊಟ ಯಾರಿಗೂ ಸರಿಯಾಗಿ ಆಗಿರಲಿಲ್ಲ. ಈ ಸಲ ಮೊದಲ ಬಟ್ಟಲು ಕಾಸಿಯಾನನ ಮುಂದೆ ಬಂತು, ಸದ್ದಿಲ್ಲದೆ. ಎರಡು ಉಂಡೆ.

"ತಿನ್ನು, ಕಾಸಿಯಾನ್" ಎಂದಳು ಫಿಲೋಮೆನಾ. ಅವಳ ಬಾಯಲ್ಲಿ ಅವನ ಹೆಸರು ಕೇಳಿ ವಿಗಿಲ್ ಬ್ರೆಡ್ಡಿಗೆ ಚಾಚಿದ ಕೈ ಅಲ್ಲೇ ನಿಂತಿತು.

ಕಾಸಿಯಾನ್ ತಲೆಯೆತ್ತಿ ಗೋಡೆ ನೋಡಿದ. ಗಾಜಿನ ಚೌಕಟ್ಟು ಇರಲಿಲ್ಲ, ಇದ್ದ ಜಾಗದಲ್ಲಿ ಹೊಗೆ ತಾಗದ ಬಿಳಿ ಚೌಕ.

"ಎಲ್ಲಿ ಅದು?"

"ಒಲೆಗೆ ಹಾಕ್ಬೇಕು ಅಂತ ತೆಗ್ದಿಟ್ಟಿದೀನಿ. ಇನ್ನು ಯಾವ ಮುಖ ಇಟ್ಕೊಂಡು ಅದನ್ನ ತೋರಿಸ್ಲಿ?"

"ತಂದು ಹಾಕು."

"ಹಂಗಿಸ್ತಿದೀಯಾ?"

"ನಂಗೆ ಹಂಗಿಸೋಕೆ ಬರಲ್ಲ." ಕಾಸಿಯಾನ್ ಚಮಚ ಕೆಳಗಿಟ್ಟ. ಅಷ್ಟು ಉದ್ದ ಅವನು ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. "ಅವತ್ತು ನನ್ನ ಬಾಗಿಲ ತನಕ ನೀನು ಇಳಿದು ಬಂದ ಹಾಗೆ ಇನ್ನೊಬ್ಬರು ಇಳಿದಿದ್ದು ನಾನು ನೋಡಿಲ್ಲ. ಅಷ್ಟು ಜನ ಓಡಿದ್ರು, ಒಬ್ಬರೂ ಇಲ್ಲ. ಪಾದ ಮಾತ್ರ ನೋಡ್ಬೇಕಾದೋನು ನಾನು, ನಿನ್ನನ್ನ ಮಾತ್ರ ಪೂರ್ತಿ ನೋಡಿದ್ದೆ. ಆ ಒಂದು ಕೋಲು ಬಿಟ್ರೆ ಅದು ನಿಂದೇ ಪಂದ್ಯ."

ಫಿಲೋಮೆನಾ ಅವನ ಎದುರಿಗೇ ಕೂತಳು. "ಇದನ್ನ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಮೇಲೆ ನಿಂತಾಗ ಹೊಗಳೋ ಹಾಗಿಲ್ಲ. ಕೆಳಗೆ ಬಂದ್ರೆ ನೀನು ಮಾತಾಡಿಸ್ತಿರ್ಲಿಲ್ಲ."

ಅವಳು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಬುರ್ಗಿ ಒಳಗಿಂದ ಚೌಕಟ್ಟು ತಂದು, ಕುರ್ಚಿ ಹತ್ತಿ, ಮೊಳೆಗೆ ತಗುಲಿಹಾಕಿದಳು. ಕಾಸಿಯಾನ್ ಎರಡು ಉಂಡೆಯನ್ನೂ ತಿಂದ. ಎರಡನೆಯದು ಸ್ವಲ್ಪ ಹೆಚ್ಚಾಯಿತು ಎಂದ.

ಮುಂದಿನ ಚಳಿಗಾಲ ಬುರ್ಗಿ ತಂಡ ಸೇರಿದಳು. ಕಾಸಿಯಾನ್ ಬಾಗಿಲು ಬಿಟ್ಟು ಒಲೆಯ ಪಕ್ಕದ ಬೆಂಚು ಹಿಡಿದ. ಆ ಗಾಜಿನ ಚೌಕಟ್ಟಿನೊಳಗಿನ ಬಟ್ಟೆ ಏನೆಂದು ಪ್ರವಾಸಿಗಳು ಈಗಲೂ ಕೇಳುತ್ತಾರೆ, ಫಿಲೋಮೆನಾ ಈಗಲೂ ಹೇಳದೆ ಬಿಡುವುದಿಲ್ಲ. "ಅವತ್ತು ಈ ಇಳಿಜಾರಲ್ಲಿ ನನ್ನಷ್ಟು ಚೆನ್ನಾಗಿ ಇಳಿದೋರು ಯಾರೂ ಇರ್ಲಿಲ್ಲ. ಆಮೇಲೆ ಒಂದು ಬಾಗಿಲು ತಪ್ಪಿದೆ, ಸೋತೆ. ನಂಬಿಕೆ ಬರಲ್ವಾ? ಅಗೋ, ಒಲೆ ಪಕ್ಕ ಕೂತಿದಾನಲ್ಲ, ಅವನನ್ನ ಕೇಳಿ. ಆ ಮನುಷ್ಯನಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ."